ಹೇಳಿದ ಮಳೆ, ಬಂದ ಮಳೆ

ಬಾನುಲಿಯ ಪ್ರದೇಶ ಸಮಾಚಾರದ ಕೊನೆಗೆ ಬರುವ ಹವಾಮಾನ ವರದಿಯನ್ನು ನೀವೆಲ್ಲ ಕೇಳುತ್ತ ಬಂದಿದ್ದೀರಿ. ಕರಾವಳಿಯ ಬಹುತೇಕ ಕಡೆ, ಉತ್ತರ ಒಳನಾಡಿನ ಕೆಲವು ಕಡೆ, ದಕ್ಷಿಣ ಒಳನಾಡಿನ ಒಂದೆರಡು ಕಡೆ ಮಳೆಯಾಗುವ ಸಂಭವವಿದೆ ಎಂಬ ಒಕ್ಕಣೆ ಅದು. ಇದು ನುಣುಚಿಕೊಳ್ಳುವ ಮಾತು, ಎಲ್ಲೋ ಒಂದೆರಡು ಕಡೆ ಮಳೆ ಬಂದೇ ಬರುತ್ತದಲ್ಲ ಎಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪ ಸರಿಯಲ್ಲ. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ ಈ ಒಂದೊಂದು ಪದಕ್ಕೂ ಗಟ್ಟಿಯಾದ ಅಳತೆಯಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗದವರೆಗೆ ಮಳೆ ಬಿದ್ದರೆ ಅದು ಒಂದೆರಡು ಕಡೆ. ಕಾಲಿನಿಂದ ಅರ್ಧದವರೆಗೆ ಕೆಲವು ಕಡೆ. ಅರ್ಧದಿಂದ ಮುಕ್ಕಾಲಿನವರೆಗೆ ಹಲವು ಕಡೆ. ಮುಕ್ಕಾಲನ್ನೂ ಮೀರಿದರೆ ಬಹುತೇಕ ಕಡೆ. ಬೆಳಗಿನ ಎಂಟೂವರೆಯಿಂದ ಮರುದಿನದ ಎಂಟೂವರೆಯೊಳಗೆ 64.5 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ಸುರಿದರೆ ಅದು ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನ ವರ್ಗ. ಅಳತೆಯಿರುವ ಮಾತನ್ನು ಒರೆಗೆ ಹಚ್ಚಬಹುದು. ಇಂದು ಸಂಜೆ ಹೇಳಿದ್ದು ಮರುದಿನ ನಿಜವಾಯಿತೋ ಇಲ್ಲವೋ ಎಂದು ಯಾರು ಬೇಕಾದರೂ ಎಣಿಸಿ ನೋಡಬಹುದು. ಆದರೂ ಹೇಳಿದ ಮಳೆಯ ಸುದ್ದಿ ದಿನವೂ ಮನೆಮನೆಗೆ ಬರುತ್ತದೆ, ಅದನ್ನು ಬಂದ ಮಳೆಯ ಜೊತೆಗಿಟ್ಟು ತೂಗಿದ ಲೆಕ್ಕ ಮನೆಗೆ ಬರುವುದಿಲ್ಲ. ಮಳೆ ಮತ್ತು ಹಿಮದ ಮುನ್ಸೂಚನೆಯನ್ನು ಸುಧಾರಿಸಲು ಸರ್ಕಾರ ಸಾವಿರಾರು ಕೋಟಿ ರೂಪಾಯಿ ತೊಡಗಿಸುತ್ತಿರುವ ಈ ಹೊತ್ತಿನಲ್ಲಿ, ತಪ್ಪು ಒಪ್ಪುಗಳ ಈ ಲೆಕ್ಕವೇ ಎಲ್ಲಕ್ಕಿಂತ ಮೊದಲು ಸುಧಾರಿಸಬೇಕಾದ ಕೆಲಸ ಎಂಬುದು ನನ್ನ ವಾದ.

ನಮ್ಮ ದೇಶದಲ್ಲಿ ಮುಂಗಾರಿನ ಮುನ್ಸೂಚನೆ ಹುಟ್ಟಿದ್ದು ಹಿಮದ ಲೆಕ್ಕದಿಂದ. ಭಾರತ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ ದಖ್ಖನಿನ ಮಹಾಕ್ಷಾಮ ಕಾಲಿಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರು ಸಂಸ್ಥಾನವೊಂದರಲ್ಲೇ ಲಕ್ಷಾಂತರ ಜನ ಪ್ರಾಣ ಬಿಟ್ಟರು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯುವ ದಾರಿಯಿದೆಯೇ ಎಂದು ಹುಡುಕಿದವರು ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್. ಹಿಮಾಲಯದಲ್ಲಿ ಚಳಿಗಾಲದ ಕೊನೆಗೆ ಹಿಮ ಹೆಚ್ಚು ಬಿದ್ದು ತಡವಾಗಿ ಕರಗಿದ ವರ್ಷಗಳಲ್ಲಿ ಬಯಲುನಾಡಿನ ಮಳೆಗಾಲ ಸೊರಗುವುದನ್ನು ಅವರು ಗುರುತಿಸಿದರು. ಹಿಮ ಹೊದ್ದ ನೆಲ ಬೇಗ ಕಾಯುವುದಿಲ್ಲ, ನೆಲ ಕಾಯದಿದ್ದರೆ ಕಡಲ ಗಾಳಿಯನ್ನು ಒಳಗೆಳೆಯುವ ಬಲ ಕೂಡುವುದಿಲ್ಲ ಎಂಬುದು ಅದರ ಹಿಂದಿನ ತರ್ಕ. 1882ರಿಂದ ಪ್ರಾಯೋಗಿಕವಾಗಿ, 1886ರಿಂದ ಕ್ರಮವಾಗಿ ಮುಂಗಾರಿನ ಮುನ್ಸೂಚನೆ ಹೊರಬಿತ್ತು. ಬ್ಲಾನ್‌ಫರ್ಡ್ ನಂತರ ಬಂದ ಜಾನ್ ಎಲಿಯಟ್ ಇನ್ನಷ್ಟು ಅಂಶಗಳನ್ನು ಸೇರಿಸಿಕೊಂಡು, 1899ರಲ್ಲಿ ವಾಡಿಕೆಗಿಂತ ಹೆಚ್ಚು ಮಳೆಯಾಗುತ್ತದೆ ಎಂದರು. ಆ ವರ್ಷ ಬಂದದ್ದು, ಪಶ್ಚಿಮ ಭಾರತ ಇಂದಿಗೂ ಛಪ್ಪನಿಯಾ ಎಂಬ ಹೆಸರಿನಲ್ಲಿ ನೆನೆಯುವ ಭೀಕರ ಕ್ಷಾಮ. ಪತ್ರಿಕೆಗಳು ಹರಿಹಾಯ್ದವು. ಆಗಿನ ಸರ್ಕಾರ ಕೆಲವು ವರ್ಷ ಮುನ್ಸೂಚನೆಯನ್ನು ಪ್ರಕಟಿಸುವುದನ್ನೇ ಬಿಟ್ಟು ಕಡತದೊಳಗೆ ಗುಟ್ಟಾಗಿರಿಸಿತು. ಬಚ್ಚಿಟ್ಟದ್ದರಿಂದ ಮುನ್ಸೂಚನೆ ಎಳ್ಳಷ್ಟೂ ಉತ್ತಮವಾಗಲಿಲ್ಲ. 1904ರಲ್ಲಿ ಆ ಹುದ್ದೆಗೆ ಬಂದ ಗಿಲ್ಬರ್ಟ್ ವಾಕರ್ ಹವಾಮಾನದ ಹಿನ್ನೆಲೆಯವರಲ್ಲ, ಕೇಂಬ್ರಿಜ್‌ನ ಗಣಿತಜ್ಞರು. ಯಾವ ಸಂಬಂಧ ಎಷ್ಟು ಸಲ ನಿಂತಿತು, ಎಷ್ಟು ಸಲ ಮುರಿಯಿತು ಎಂದು ಅಂಕಿ ಹಿಡಿದು ಎಣಿಸುವುದೇ ಅವರ ವಿಧಾನ. ಹಿಮಾಲಯದ ಹಿಮದ ಜೊತೆಗೆ ಮಾರಿಷಸ್‌ನ ವಾಯುಭಾರ, ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರ್‌ನ ಮಳೆ ಎಲ್ಲವೂ ಅವರ ಲೆಕ್ಕಕ್ಕೆ ಬಂದವು. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ನಡುವೆ ವಾಯುಭಾರ ತಕ್ಕಡಿಯಂತೆ ಏರಿಳಿಯುತ್ತದೆ ಎಂಬ ಅವರ ಶೋಧ ಹುಟ್ಟಿದ್ದು ಈ ತಪ್ಪಿನ ಎಣಿಕೆಯಿಂದಲೇ. ಎಲ್ ನಿನೊ ಎಂದು ನಾವು ಇಂದು ಪ್ರತಿ ಬೇಸಿಗೆಯಲ್ಲಿ ಕೇಳುವ ಮಾತಿಗೆ ಅದು ಬುನಾದಿ.

ಇದೇ ಕಥೆ ನಮ್ಮ ಕಾಲದಲ್ಲಿ ಇನ್ನೊಮ್ಮೆ ನಡೆಯಿತು. 1988ರಿಂದ ಇಲಾಖೆ ವಸಂತ ಗೋವಾರಿಕರ್ ಮತ್ತು ಸಂಗಡಿಗರು ರೂಪಿಸಿದ 16 ಅಂಶಗಳ ಸೂತ್ರವನ್ನು ಬಳಸಿತು. ಹಿಮಾಲಯದ ಹಿಮ, ಯುರೇಷಿಯಾದ ಹಿಮ ಎರಡೂ ಆ ಹದಿನಾರರಲ್ಲಿದ್ದವು. ವರ್ಷ ವರ್ಷವೂ ಮುನ್ಸೂಚನೆ ಸರಿಯೆನಿಸಿಕೊಂಡಿತು, ಹೊಗಳಿಕೆಯೂ ಬಂತು. ಆದರೆ 1989ರಿಂದ 2001ರವರೆಗಿನ 13 ವರ್ಷವೂ ದೇಶದ ಒಟ್ಟು ಮುಂಗಾರು ವಾಡಿಕೆಯ ಆಸುಪಾಸಿನಲ್ಲೇ ಇತ್ತು. ಯಾವ ಸೂತ್ರವೂ ಇಲ್ಲದೆ, ಕಣ್ಣು ಮುಚ್ಚಿಕೊಂಡು ಪ್ರತಿ ವರ್ಷ ವಾಡಿಕೆ ಮಳೆ ಎಂದು ಹೇಳಿದ್ದರೂ ಅಷ್ಟೇ ಸರಿಯಾಗುತ್ತಿತ್ತು. 2002ರಲ್ಲೂ ವಾಡಿಕೆ ಮಳೆ ಎಂದೇ ಹೇಳಲಾಯಿತು. ಜುಲೈ ತಿಂಗಳಲ್ಲಿ ಬೀಳಬೇಕಾದುದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಬಿತ್ತು. ಮುಂಗಾರಿನ ಒಟ್ಟು ಕೊರತೆ ಶೇ 19. ಸರಿಯಾದ ಲೆಕ್ಕವೆಂದರೆ ಬರೀ ಸರಿ ತಪ್ಪುಗಳನ್ನು ಗುರುತು ಹಾಕಿಕೊಳ್ಳುವುದಲ್ಲ, ಏನೂ ತಿಳಿಯದವನ ಊಹೆಗಿಂತ ನಮ್ಮದು ಎಷ್ಟು ಮೇಲು ಎಂದು ಕೇಳಿಕೊಳ್ಳುವುದು. ಆ ಪ್ರಶ್ನೆಯನ್ನು ಹದಿಮೂರು ವರ್ಷಗಳ ಉದ್ದಕ್ಕೂ ಗಟ್ಟಿಯಾಗಿ ಕೇಳಿದ್ದರೆ 2002ರ ಪೆಟ್ಟು ಅಷ್ಟು ಅನಿರೀಕ್ಷಿತವಾಗುತ್ತಿರಲಿಲ್ಲ. ಇಲಾಖೆಯ ಹಿರಿಮೆಯನ್ನೂ ಇಲ್ಲಿ ಹೇಳಬೇಕು: ಅದು ಮರುವರ್ಷವೇ ಸೂತ್ರವನ್ನು ಬದಲಿಸಿತು. 2009ರಲ್ಲಿ ಕೊರತೆ ಶೇ 22 ಮುಟ್ಟಿದ ಮೇಲೆ ಸೂತ್ರಗಳನ್ನು ನಂಬಿ ಕೂರುವ ಕಾಲ ಮುಗಿಯಿತೆಂದು ಎಲ್ಲರಿಗೂ ಮನದಟ್ಟಾಯಿತು. 2012ರಲ್ಲಿ ರಾಷ್ಟ್ರೀಯ ಮಾನ್ಸೂನ್ ಮಿಷನ್ ಶುರುವಾಯಿತು. ಕಡಲು, ಗಾಳಿ, ನೆಲ, ಹಿಮ ಇವುಗಳ ನಡೆಯನ್ನು ಭೌತಶಾಸ್ತ್ರದ ಸಮೀಕರಣಗಳಿಂದಲೇ ಕಂಪ್ಯೂಟರಿನಲ್ಲಿ ಬೆಳೆಸಿಕೊಂಡು ಹೋಗುವ ಕ್ರಮಕ್ಕೆ ದೇಶ ಹೊರಳಿಕೊಂಡಿತು.

ಅಲ್ಲಿಂದಾಚೆಗಿನ ಯಂತ್ರಗಳ ಬೆಳವಣಿಗೆ ಬೇಗ ಹೇಳಿ ಮುಗಿಸಬಹುದಾದ್ದು. 2018ರಲ್ಲಿ ಪುಣೆಯಲ್ಲಿ ಪ್ರತ್ಯೂಷ್, ನೊಯಿಡಾದಲ್ಲಿ ಮಿಹಿರ್ ಎಂಬ ಸೂಪರ್ ಕಂಪ್ಯೂಟರುಗಳು. 2024ರಲ್ಲಿ ಅವುಗಳಿಗಿಂತ ಹಲವು ಪಟ್ಟು ಬಲದ ಅರ್ಕ, ಅರುಣಿಕಾ. ಅದೇ ವರ್ಷದ ಸೆಪ್ಟೆಂಬರಿನಲ್ಲಿ 2,000 ಕೋಟಿ ರೂಪಾಯಿಯ ಮಿಷನ್ ಮೌಸಮ್‌ಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಳಕೆಗೆ ಬಂತು. ಅದುವರೆಗೆ ಭೂಮಿಯ ಮೇಲ್ಮೈಯನ್ನು 12 ಕಿಲೋಮೀಟರಿನ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತಿದ್ದರು, ಈಗ ಚೌಕದ ಬದಿ 6 ಕಿಲೋಮೀಟರು. ನಮ್ಮ ರಾಜ್ಯದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಆಗುಂಬೆಯ ಘಟ್ಟದ ನೆತ್ತಿಯಲ್ಲಿ ಬೀಳುವ ಮಳೆ, ಕೆಲವೇ ಹರದಾರಿ ಪೂರ್ವಕ್ಕೆ ಸರಿದರೆ ಇಳಿಯುತ್ತ ಹೋಗಿ ಚಳ್ಳಕೆರೆಯ ಹೊತ್ತಿಗೆ ಅದರ ಹತ್ತನೆಯ ಒಂದು ಪಾಲೂ ಉಳಿಯುವುದಿಲ್ಲ. ದೊಡ್ಡ ಚೌಕದಲ್ಲಿ ಘಟ್ಟದ ನೆತ್ತಿಯೂ ಅದರ ಮಗ್ಗುಲಿನ ಕಣಿವೆಯೂ ಒಂದಾಗಿ ಕಲಸಿಹೋಗುತ್ತವೆ. ಸಣ್ಣ ಚೌಕದಲ್ಲಿ ಅವು ಬೇರೆ ಬೇರೆಯಾಗಿ ಕಾಣುತ್ತವೆ. ಆದರೆ ಚೌಕ ಸಣ್ಣದಾದ ಮಾತ್ರಕ್ಕೆ ಉತ್ತರ ಸರಿಯಾಗುತ್ತದೆ ಎಂದು ನಂಬಬಾರದು. ಆರಂಭದಲ್ಲಿ ಕೊಟ್ಟ ಅಳತೆಗಳು ವಿರಳವಾಗಿದ್ದರೆ, ಊಹೆಯ ಚಿತ್ರವೇ ಇನ್ನಷ್ಟು ನುಣುಪಾಗಿ ಮೂಡುತ್ತದೆ, ಅಷ್ಟೆ.

ಒಟ್ಟು ಅಂಕಿಯೊಂದು ಎಷ್ಟನ್ನು ಮರೆಮಾಡಬಲ್ಲದು ಎಂಬುದಕ್ಕೆ 2023ನೇ ವರ್ಷವನ್ನು ನೋಡಿ. ದೇಶದ ಮುಂಗಾರು ದೀರ್ಘಾವಧಿ ಸರಾಸರಿಯ ಶೇ 96 ಇರುತ್ತದೆ, ನಾಲ್ಕು ಅಂಕ ಆಚೀಚೆ ಆಗಬಹುದು ಎಂದು ಮೇ ತಿಂಗಳ ಕೊನೆಯ ಮುನ್ಸೂಚನೆ ಹೇಳಿತು. ಬಂದದ್ದು ಶೇ 94. ಪರೀಕ್ಷೆಯಲ್ಲಿ ಇದು ಪೂರ್ಣ ಅಂಕಕ್ಕೆ ಅರ್ಹವಾದ ಉತ್ತರ. ಆದರೆ ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ತಿಂಗಳ ಕೊರತೆ ಶೇ 36. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಜೂನ್ ಜುಲೈನಲ್ಲಿ ಬಿತ್ತಿ ಆಗಸ್ಟಿನಲ್ಲಿ ಆಕಾಶ ನೋಡುತ್ತ ಕೂತವರಿಗೆ ದೇಶದ ಸರಾಸರಿ ಸರಿಹೋಯಿತು ಎಂಬ ಸುದ್ದಿಯಿಂದ ಏನು ಸಿಕ್ಕಿತು? ಇಲಾಖೆ ಲೆಕ್ಕವನ್ನೇ ಇಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಮುಂಗಾರು ಮುಗಿದ ಮೇಲೆ ಹೇಳಿದ್ದು, ಬಂದದ್ದು ಎರಡನ್ನೂ ಅದು ವರದಿಯಲ್ಲಿ ಅಕ್ಕಪಕ್ಕ ಇಡುತ್ತದೆ. 2021ರಿಂದ ತಿಂಗಳವಾರು ಮುನ್ಸೂಚನೆಯನ್ನೂ ಹೊಸ ಕ್ರಮದಲ್ಲಿ ಕೊಡುತ್ತಿದೆ. ನನ್ನ ತಕರಾರು ಇಷ್ಟೇ. ಆ ಲೆಕ್ಕ ದೇಶಕ್ಕೆ ಮತ್ತು ದೊಡ್ಡ ವಿಭಾಗಗಳಿಗೆ ಸೀಮಿತ, ತಜ್ಞರ ಭಾಷೆಯಲ್ಲಿದೆ, ಹೊಲದಲ್ಲಿರುವವನ ತಾಲ್ಲೂಕಿಗೆ ಅವನ ಮಾತಿನಲ್ಲಿ ಇಳಿದು ಬರುವುದಿಲ್ಲ.

ಲೆಕ್ಕ ತೆರೆದಿಟ್ಟ ಕಡೆ ಏನಾಗುತ್ತದೆ ಎಂಬುದನ್ನು ಬಂಗಾಳ ಕೊಲ್ಲಿ ತೋರಿಸಿದೆ. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. 2013ರ ಅಕ್ಟೋಬರಿನಲ್ಲಿ ಅದೇ ತೀರಕ್ಕೆ ಫೈಲಿನ್ ಬಂದಾಗ ಹತ್ತು ಲಕ್ಷದಷ್ಟು ಜನರನ್ನು ಮೊದಲೇ ಸ್ಥಳಾಂತರಿಸಲಾಗಿತ್ತು. ಸಾವಿನ ಸಂಖ್ಯೆ ಐವತ್ತನ್ನು ದಾಟಲಿಲ್ಲ. ಈ ಹದಿನಾಲ್ಕು ವರ್ಷಗಳಲ್ಲಿ ಉಪಗ್ರಹ, ರಾಡಾರ್, ಆಶ್ರಯ ತಾಣ, ಜಿಲ್ಲಾಡಳಿತದ ತಯಾರಿ ಎಲ್ಲವೂ ಬೆಳೆದವು ನಿಜ. ಅದರ ಜೊತೆಗೆ ಇನ್ನೊಂದು ಅಭ್ಯಾಸವೂ ಗಟ್ಟಿಯಾಯಿತು. ಪ್ರತಿಯೊಂದು ಚಂಡಮಾರುತ ಮುಗಿದ ಮೇಲೂ, ಹೇಳಿದ ಹಾದಿಗೂ ಅದು ಹಿಡಿದ ಹಾದಿಗೂ ಎಷ್ಟು ಕಿಲೋಮೀಟರಿನ ಅಂತರ ಬಂತು, ತೀರ ಮುಟ್ಟುವ ಹೊತ್ತು ಎಷ್ಟು ಗಂಟೆ ತಪ್ಪಿತು ಎಂಬುದನ್ನು ಇಲಾಖೆ ಅಂಕಿ ಸಮೇತ ಪ್ರಕಟಿಸುತ್ತದೆ. ಚಂಡಮಾರುತವನ್ನು ಮುಂಗಾರಿನ ಮಳೆಗೆ ಹೋಲಿಸುವುದು ಸರಿಯೇ ಎಂದು ನೀವು ಕೇಳಬಹುದು, ಕೇಳಲೇಬೇಕು. ಚಂಡಮಾರುತ ನೂರಾರು ಕಿಲೋಮೀಟರ್ ಹರಡಿಕೊಂಡು ದಿನಗಟ್ಟಲೆ ಕಡಲ ಮೇಲೆ ಕಣ್ಣಿಗೆ ಬೀಳುತ್ತದೆ. ಗುಡುಗು ಮಳೆಯ ಮೋಡ ಒಂದು ಗಂಟೆಯಲ್ಲಿ ಹುಟ್ಟಿ, ಒಂದು ಕೇರಿಯನ್ನು ತೋಯಿಸಿ ಪಕ್ಕದ ಕೇರಿಯನ್ನು ಒಣಗಲು ಬಿಟ್ಟು ಕರಗಿಹೋಗುತ್ತದೆ. ಎರಡನ್ನೂ ಒಂದೇ ನಿಖರತೆಯಲ್ಲಿ ಹೇಳಲು ಎಂದಿಗೂ ಆಗದು. ಆದರೆ ನಾನು ಕೇಳುತ್ತಿರುವುದು ಅದೇ ನಿಖರತೆಯನ್ನಲ್ಲ. ಅದೇ ಪ್ರಾಮಾಣಿಕ ಲೆಕ್ಕವನ್ನು.

ಹಿಮದ ನಾಡಿನಲ್ಲಿ ಕೊರತೆ ಇನ್ನೂ ಕೆಳಗಿನದು, ಅಳತೆಯದೇ ಕೊರತೆ. ಮಳೆಯನ್ನು ಒಂದು ಪಾತ್ರೆಯಲ್ಲಿ ಹಿಡಿಯಬಹುದು. ಹಿಮ ಹಗುರ, ಗಾಳಿ ಅದನ್ನು ಮಾಪಕದ ಬಾಯಿಗೆ ಬೀಳಗೊಡದೆ ಹಾರಿಸಿಕೊಂಡು ಹೋಗುತ್ತದೆ, ಬಿದ್ದದ್ದೂ ಒಂದೇ ದಪ್ಪದಲ್ಲಿ ನಿಲ್ಲುವುದಿಲ್ಲ. ರಾಡಾರಿನ ಕಿರಣ ನೇರ ಗೆರೆಯಲ್ಲಿ ಹೋಗುವುದರಿಂದ ಬೆಟ್ಟದ ಆಚೆಯ ಕಣಿವೆ ಅದಕ್ಕೆ ಕುರುಡು. 2013ರ ಜೂನಿನಲ್ಲಿ ಕೇದಾರನಾಥದ ಮೇಲೆ ಮುಂಗಾರೂ ಪಶ್ಚಿಮದಿಂದ ಬಂದ ಗಾಳಿಯ ಸುಳಿಯೂ ಒಟ್ಟಿಗೆ ಸೇರಿ ಮಳೆ ಸುರಿಯಿತು. ಕರಗಿದ ಹಿಮದ ನೀರೂ ಕೂಡಿ ಚೋರಾಬಾರಿ ಸರೋವರದ ದಂಡೆ ಒಡೆಯಿತು. ಆಗ ಉತ್ತರಾಖಂಡದಲ್ಲಿ ಒಂದೇ ಒಂದು ಡಾಪ್ಲರ್ ರಾಡಾರ್ ಇರಲಿಲ್ಲ. ಮುಕ್ತೇಶ್ವರದ ರಾಡಾರ್ ಕೆಲಸ ಆರಂಭಿಸಿದ್ದು 2021ರಲ್ಲಿ. ಸುರ್ಕಂಡಾ ದೇವಿ, ಲ್ಯಾನ್ಸ್‌ಡೌನ್ ಅದರ ನಂತರ. ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ದುರಂತಕ್ಕೂ ಮೊದಲ ರಾಡಾರಿಗೂ ನಡುವೆ ಏಳು ವರ್ಷ ಕಳೆದವು. ಈ ವಿಳಂಬದ ಬಗ್ಗೆ ನನಗೆ ಸಂಕಟವಿದೆ, ಅದನ್ನು ಮುಚ್ಚಿಡಲಾರೆ. ಯಾವ ಕಣಿವೆಯಲ್ಲಿ ಎಷ್ಟು ಎಚ್ಚರಿಕೆಗಳು ತಪ್ಪುತ್ತಿವೆ ಎಂಬ ಪಟ್ಟಿ ವರ್ಷವರ್ಷವೂ ಎಲ್ಲರ ಕಣ್ಣೆದುರು ಇದ್ದಿದ್ದರೆ, ರಾಡಾರ್ ಮೊದಲು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಉತ್ತರ ಹುಡುಕಲು ದುರಂತ ಬರಬೇಕಾಗುತ್ತಿರಲಿಲ್ಲ.

ಕರ್ನಾಟಕಕ್ಕೆ ಈ ವಿಷಯದಲ್ಲಿ ದೇಶದ ಬಹಳಷ್ಟು ರಾಜ್ಯಗಳಿಗಿಲ್ಲದ ಅನುಕೂಲವೊಂದಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿದ ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ, ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಅವು 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಳತೆ ಕಳಿಸುತ್ತವೆ. ಈಗ ಒಂದು ಸಣ್ಣ ಗುಣಾಕಾರ ಭಾಗಾಕಾರ ಮಾಡೋಣ. ರಾಜ್ಯದ ವಿಸ್ತೀರ್ಣ 1,91,791 ಚದರ ಕಿಲೋಮೀಟರು, ಗ್ರಾಮ ಪಂಚಾಯಿತಿಗಳು ಸುಮಾರು 6,000. ಒಂದು ಪಂಚಾಯಿತಿಯ ಪಾಲಿಗೆ ಸರಾಸರಿ 32 ಚದರ ಕಿಲೋಮೀಟರು. ಹೊಸ ಮುನ್ಸೂಚನೆಯ ಒಂದು ಚೌಕ ಆರಾರಲೆ 36 ಚದರ ಕಿಲೋಮೀಟರು. ಅಂದರೆ ಪುಣೆಯ ಕಂಪ್ಯೂಟರು ನಾಳಿನ ಮಳೆಯನ್ನು ಬರೆಯುವ ಹೆಚ್ಚುಕಡಿಮೆ ಒಂದೊಂದು ಚೌಕದೊಳಗೂ ಬಂದ ಮಳೆಯನ್ನು ಅಳೆಯುವ ಒಂದು ಪಾತ್ರೆ ನಮ್ಮಲ್ಲಿ ಆಗಲೇ ನಿಂತಿದೆ. ಹೇಳಿದ್ದನ್ನೂ ಬಂದದ್ದನ್ನೂ ಚೌಕ ಚೌಕವಾಗಿ ಹೋಲಿಸಲು ಹೊಸ ಯಂತ್ರ ಬೇಡ, ಹೊಸ ಯೋಜನೆ ಬೇಡ. ಎರಡು ಕಚೇರಿಗಳು ಒಂದು ಪಟ್ಟಿಯನ್ನು ಒಟ್ಟಿಗೆ ಬರೆಯಲು ಒಪ್ಪಿದರೆ ಸಾಕು. ಒಂದು ಮಾಪಕದ ಅಳತೆ ಇಡೀ ಚೌಕದ ಮಳೆಯಾಗಲಾರದು ಎಂಬ ಎಚ್ಚರ ಇಲ್ಲಿ ಬೇಕು. ಕೊಳವೆಗೆ ಎಲೆ ಸಿಕ್ಕಿಕೊಂಡರೆ, ಬ್ಯಾಟರಿ ಸತ್ತರೆ ಸುರಿದ ಮಳೆಯೂ ಸೊನ್ನೆಯಾಗಿ ದಾಖಲಾಗಬಹುದು. ಆದರೆ ಅಡಿಕೆ, ಕಾಳುಮೆಣಸು ಬೆಳೆಗಾರರ ಹವಾಮಾನ ಆಧಾರಿತ ವಿಮೆಯ ಪರಿಹಾರ ಇದೇ ಮಾಪಕಗಳನ್ನು ನಂಬಿಕೊಂಡಿದೆ. ಹಣ ಹಂಚಲು ಸಾಕಾಗುವಷ್ಟು ನಂಬಿಕಸ್ಥವಾದ ಅಳತೆ ಮುನ್ಸೂಚನೆಯನ್ನು ಒರೆಗೆ ಹಚ್ಚಲು ಸಾಲದು ಎನ್ನುವುದು ನಿಲ್ಲುವ ಮಾತಲ್ಲ. ಒರೆಗೆ ಹಚ್ಚತೊಡಗಿದರೆ ಕೆಟ್ಟ ಮಾಪಕವೂ ಬೇಗ ಸಿಕ್ಕಿಬೀಳುತ್ತದೆ.

ತಪ್ಪುಗಳನ್ನು ಹೀಗೆ ಊರೆಲ್ಲ ಹೇಳಿಕೊಂಡರೆ ಜನ ಎಚ್ಚರಿಕೆಯನ್ನೇ ನಂಬುವುದನ್ನು ಬಿಡುತ್ತಾರೆ ಎಂಬ ಭಯ ಅಧಿಕಾರಿಗಳಲ್ಲಿದೆ. ಭಯ ಪೊಳ್ಳಲ್ಲ. ಆದರೆ ತಪ್ಪಿದ್ದು ಜನರಿಗೆ ಗೊತ್ತೇ ಇದೆ. ಅವರ ಅಂಗಳದಲ್ಲೇ ಅದು ತಪ್ಪಿದ್ದು. ಗೊತ್ತಿಲ್ಲದಿರುವುದು ಎಷ್ಟು ಸಲ ಸರಿಹೋಯಿತು ಎಂಬುದು. ಲೆಕ್ಕವಿಲ್ಲದ ಕಡೆ ಒಂದು ತಪ್ಪು ಹತ್ತು ಸರಿಗಳನ್ನು ನುಂಗಿಹಾಕುತ್ತದೆ. ಇನ್ನೊಂದು ಆಕ್ಷೇಪ, ಲೆಕ್ಕ ಕೇಳತೊಡಗಿದರೆ ಮುನ್ಸೂಚನೆ ಕೊಡುವವರು ಹೆದರಿ ಎಲ್ಲದಕ್ಕೂ ರೆಡ್ ಅಲರ್ಟ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ ಎಂಬುದು. ಹೇಳದೆ ಬಂದ ಮಳೆಯನ್ನು ಮಾತ್ರ ಎಣಿಸಿದರೆ ಹಾಗೇ ಆಗುತ್ತದೆ. ಹೇಳಿಯೂ ಬಾರದ ಮಳೆಯನ್ನು ಅದೇ ಪಟ್ಟಿಯ ಪಕ್ಕದ ಸಾಲಿನಲ್ಲಿ ಎಣಿಸಿದರೆ ಅತಿ ಎಚ್ಚರಿಕೆಯೂ ಬಯಲಾಗುತ್ತದೆ. 2024ರ ಜುಲೈ ಕೊನೆಗೆ ವಯನಾಡಿನ ಗುಡ್ಡ ಕುಸಿದಾಗ ಯಾವ ದಿನ ಯಾವ ಬಣ್ಣದ ಎಚ್ಚರಿಕೆ ಹೋಗಿತ್ತು ಎಂದು ಕೇಂದ್ರಕ್ಕೂ ರಾಜ್ಯಕ್ಕೂ ನಡುವೆ ಬಹಿರಂಗ ವಾಗ್ವಾದ ನಡೆಯಿತು. ಹೆಣಗಳನ್ನು ಇನ್ನೂ ಮಣ್ಣಿನಿಂದ ಎತ್ತುತ್ತಿರುವಾಗ ನಡೆಯಬಾರದಿದ್ದ ವಾಗ್ವಾದ ಅದು. ಎಲ್ಲರಿಗೂ ತೆರೆದಿರುವ, ಗಂಟೆ ಗಳಿಗೆ ನಮೂದಾದ ಒಂದೇ ದಾಖಲೆಯನ್ನು ಎಲ್ಲರೂ ಒಪ್ಪಿಕೊಂಡಿದ್ದರೆ ಅದಕ್ಕೆ ಎಡೆಯೇ ಇರುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ ಬೇರೆ. ರೈತನಿಗೆ ಬರುತ್ತದೆ, ಬರುವುದಿಲ್ಲ ಎಂಬ ಎರಡೇ ಮಾತು ಸಾಕು, ಶೇಕಡಾವಾರು ಸಂಭವದ ಲೆಕ್ಕ ಅವನಿಗೆ ಅರ್ಥವಾಗದು ಎನ್ನುತ್ತಾರೆ. ಈ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳನ್ನು ಬಿತ್ತುವವನು ಒಂದು ಹೋದರೆ ಇನ್ನೊಂದು ಉಳಿಯಲಿ ಎಂಬ ಲೆಕ್ಕದಲ್ಲೇ ಬಿತ್ತುತ್ತಾನೆ. ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ ಎಂಬ ಗಾದೆಯೇ ಸಂಭವದ ಮಾತು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳಿಗೆ ಇಂಥ ಮಳೆಯೆಂದು ಹೆಸರಿಟ್ಟು, ಯಾವ ಅವಧಿಯಲ್ಲಿ ಹದ ಸಿಗುವುದು ಹೆಚ್ಚು ಎಂದು ತಲೆಮಾರುಗಳಿಂದ ನೆನಪಿಟ್ಟುಕೊಂಡ ಜನ ಇವರು. ಈ ನೆನಪು ಈ ವರ್ಷದ ಮಳೆಯನ್ನು ಹೇಳಲಾರದು, ಹಲವು ವರ್ಷಗಳ ವಾಡಿಕೆಯನ್ನು ಮಾತ್ರ ಹೇಳಬಲ್ಲದು. ಇಲಾಖೆ ಪ್ರತಿ ಗುರುವಾರ ಹೊರಡಿಸುವ ನಾಲ್ಕು ವಾರಗಳ ಮುನ್ಸೂಚನೆ ಹೆಚ್ಚುಕಡಿಮೆ ಎರಡು ಮಳೆ ನಕ್ಷತ್ರಗಳಷ್ಟು ಉದ್ದದ್ದು. ಅದನ್ನು ಆ ಹೆಸರುಗಳಲ್ಲೇ ಹೇಳಲು ಏನು ಅಡ್ಡಿ? ಇನ್ನು ಒಂದೇ ಮುನ್ಸೂಚನೆ ಎಲ್ಲರಿಗೂ ಒಂದೇ ಅರ್ಥ ಕೊಡುವುದೂ ಇಲ್ಲ. ನಾಳೆ ಮಳೆಯ ಸಂಭವ ಶೇ 30 ಎಂಬ ಮಾತು ಕಾಫಿ ಕೊಯ್ಲಿನ ಕಾಲದಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಬಂತೆಂದುಕೊಳ್ಳಿ. ಕಣದಲ್ಲಿ ಕಾಫಿ ಹರವಿದವನಿಗೆ ಒಂದು ಸಲ ನೆನೆದರೂ ನಷ್ಟ, ಅವನು ರಾಶಿ ಮಾಡಿ ಟಾರ್ಪಾಲು ಹೊದಿಸುತ್ತಾನೆ. ಅಡಿಕೆಗೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಯಲು ಕಾದಿರುವವನು, ಮಲೆನಾಡಿನ ಜುಲೈನಲ್ಲಿ ಇಂಥ ಬಿಡುವು ಮತ್ತೆ ಸಿಗುವುದಿಲ್ಲವೆಂದು ಕೊನೆಗಾರನನ್ನು ಕರೆಸುತ್ತಾನೆ. ಇಬ್ಬರೂ ಸರಿ. ಬರುತ್ತದೆ ಎಂದೋ ಬರುವುದಿಲ್ಲ ಎಂದೋ ಒಂದೇ ಮಾತು ಹೇಳಿದ್ದರೆ ಇಬ್ಬರಲ್ಲಿ ಒಬ್ಬನಿಗೆ ಅನ್ಯಾಯವಾಗುತ್ತಿತ್ತು. ಆದರೆ ಶೇ 30 ಎಂಬ ಅಂಕಿಗೆ ಬೆಲೆ ಬರಬೇಕಾದರೆ, ಹಾಗೆ ಹೇಳಿದ ನೂರು ದಿನಗಳಲ್ಲಿ ಮೂವತ್ತರ ಆಸುಪಾಸಿನಲ್ಲಿ ಮಳೆ ಬಂದಿದೆ ಎಂದು ಯಾರಾದರೂ ಎಣಿಸಿ ತೋರಿಸಿರಬೇಕು.

ತೋರಿಸುವವರು ಯಾರು? ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿದ್ದುಕೊಂಡು ಮುನ್ಸೂಚನೆಯನ್ನು ಬೆಳೆಯ ಭಾಷೆಗೆ ತಿರುಗಿಸುತ್ತಿದ್ದ 199 ಕೃಷಿ ಹವಾಮಾನ ಘಟಕಗಳನ್ನು 2024ರಲ್ಲಿ ಮುಚ್ಚಲಾಯಿತು. ಅದೇ ವರ್ಷ ಸೂಪರ್ ಕಂಪ್ಯೂಟರುಗಳಿಗೆ 850 ಕೋಟಿ ರೂಪಾಯಿ ವೆಚ್ಚವಾಯಿತು. ಕಂಪ್ಯೂಟರು ಬೇಡವೆನ್ನುವುದಿಲ್ಲ, ಬೇಕೇ ಬೇಕು. ಆದರೆ ಆ ಘಟಕಗಳು ಮತ್ತೆ ತೆರೆಯಬೇಕು, ತಾಲ್ಲೂಕಿನ ತಪ್ಪು ಒಪ್ಪಿನ ಪಟ್ಟಿ ಇಡುವ ಕೆಲಸ ಅವುಗಳದ್ದಾಗಬೇಕು. ಅದಾಗುವವರೆಗೆ ಬಾನುಲಿ ಕಾಯಬೇಕಾಗಿಲ್ಲ. ಹವಾಮಾನ ವರದಿಯ ಕೊನೆಗೆ ಒಂದು ವಾಕ್ಯ ಸೇರಿಸಬಹುದು. ಚಿತ್ರದುರ್ಗ ಜಿಲ್ಲೆಯ ಒಂದೆರಡು ಕಡೆ ಮಳೆಯಾಗಬಹುದೆಂದು ನಿನ್ನೆ ಹೇಳಿದ್ದೆವು, ಇಂದು ಬೆಳಗ್ಗೆ ಎಂಟೂವರೆಗೆ ಜಿಲ್ಲೆಯ ಇಷ್ಟು ಮಾಪಕಗಳ ಪೈಕಿ ಇಷ್ಟರಲ್ಲಿ ಮಳೆ ದಾಖಲಾಗಿದೆ, ಭಾರಿ ಮಳೆ ಹೇಳದೆಯೇ ಹಿರಿಯೂರಿನಲ್ಲಿ ಬಂದಿದೆ, ಎಂಬಂಥ ಒಂದು ವಾಕ್ಯ. ಅದನ್ನು ಓದಲು ಹದಿನೈದು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ರೋಹಿಣಿ ಮಳೆ ಹುಟ್ಟುವ ಮೇ ಕೊನೆಯ ವಾರದಿಂದ ಹಿಂಗಾರು ಮುಗಿಯುವವರೆಗೆ ಒಂದು ವರ್ಷ ಅದನ್ನು ತಪ್ಪದೆ ಓದಿ ನೋಡಬೇಕು.